ಕಾರಿಗೊಂದು ನೆರಳು

ಎದುರು ಮನೆ ಸುಮಂಗಲಾ ಹೊಸ ಕಾರು ತಂದಳು. ಅದರ ಮೇಲೆ ತಗಡೇ ಇಲ್ಲ, ಮುಂದಿನಿಂದ ಹಿಂದಿನವರೆಗೆ ಬರೀ ಗಾಜು. ಪೇಡ ಕೊಡುವ ನೆಪದಲ್ಲಿ ನನ್ನನ್ನು ಕರೆದು ಒಳಗೆ ಕೂರಿಸಿದಳು. ತಲೆಯೆತ್ತಿ ನೋಡಿದರೆ ಇಡೀ ಆಕಾಶ ಅವಳೊಬ್ಬಳದೇ ಅನ್ನುವ ಹಾಗಿತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

“ಮಳೆ ಬಂದರೆ ಸೋರುತ್ತಂತೆ,” ಅಂದೆ.

“ಸುತ್ತ ರಬ್ಬರ್ ಇದೆ ಅಕ್ಕ. ಹನಿ ಬೀಳೋದನ್ನ ಕೆಳಗೆ ಕೂತು ನೋಡೋಕೆ ಎಷ್ಟು ಚೆಂದ ಗೊತ್ತಾ?”

“ಗಾಜು ಭಾರ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ.”

“ಕುಡೀಲಿ ಬಿಡಿ. ಒಳಗೆ ಇಷ್ಟು ಬೆಳಕಿರೋದಕ್ಕೆ ನಮ್ಮತ್ತೆಗೆ ಈಗ ಕಾರಲ್ಲಿ ವಾಂತಿನೇ ಬರಲ್ಲ.”

“ಒಡೆದು ಹೋದರೆ?”

“ಸುಮ್ಮಸುಮ್ಮನೆ ಯಾಕೆ ಒಡೆಯುತ್ತೆ?”

ಎಲ್ಲದಕ್ಕೂ ಅವಳ ಹತ್ತಿರ ಉತ್ತರ ಇತ್ತು. ನಾನು ಇಳಿಯುವಾಗ ಮಾತ್ರ ಸ್ವಲ್ಪ ಸಪ್ಪಗಾದಳು.

“ಒಂದೇ ತೊಂದರೆ ಅಕ್ಕ. ನಮ್ಮನೆ ಮುಂದೆ ದಿನವಿಡೀ ಬಿಸಿಲು. ಮಧ್ಯಾಹ್ನ ಹೊರಟರೆ ಒಳಗೆ ಬೆಂದು ಹೋಗ್ತೀವಿ.”

ನಾನು ಅವಳ ಕೈ ಹಿಡಿದುಕೊಂಡೆ. “ಅಷ್ಟಕ್ಕೆ ಯಾಕೆ ಬೇಜಾರು? ನಮ್ಮ ಕಾಂಪೌಂಡಿನ ಒಳಗೆ ಮರದ ನೆರಳಿದೆಯಲ್ಲ. ನಾಳೆಯಿಂದ ಅಲ್ಲೇ ನಿಲ್ಲಿಸು.”

“ನಿಮ್ಮಷ್ಟು ಒಳ್ಳೆಯವರು ಈ ಬೀದಿಯಲ್ಲೇ ಇಲ್ಲ,” ಅಂದಳು. ಇನ್ನೊಂದು ಪೇಡ ಕೊಟ್ಟಳು. ಅದನ್ನೂ ತಿಂದೆ.

ಮನೆಗೆ ಬಂದವಳೇ, ತಿಂಗಳು ತಿಂಗಳು ಬಂದು ತೆಂಗಿನಕಾಯಿ ಕಿತ್ತುಕೊಡುವ ಮಾದಶೆಟ್ಟಿಗೆ ಫೋನ್ ಮಾಡಿ, ಈ ಸಲ ಬರುವುದು ಬೇಡ ಅಂದೆ.