ಬಲಗಾಲು

ವಿನಯಾ ಚಮಚದಲ್ಲಿ ಸ್ಟೀಲ್ ತಟ್ಟೆ ಬಡಿದಳು. ಅತ್ತೆ ಸುಂದರಿಯ ತೊಡೆಯ ಮೇಲೆ ಕೂತಿದ್ದ ಎಂಟು ತಿಂಗಳ ಮಗಳು ಚಂದನಾ ಬೆರಳು ಚೀಪುತ್ತಾ ಅಂಗಳದ ಕಾಗೆಯನ್ನು ನೋಡಿತು.

ಈ ಪ್ರಾಯದ ಮಕ್ಕಳಿಗೆ ಹಾಡು ಹೇಳಿ, ಕುಣಿಸಿ ಎಂದು ಅಂಗನವಾಡಿ ಟೀಚರ್ ಹೇಳಿ ಹೋದಂದಿನಿಂದ ಮನೆಯಲ್ಲಿ ಇದೇ ಕಸರತ್ತು. ಮೊಬೈಲಿನಲ್ಲಿ ಆನೆಯ ಹಾಡು, ಮೊಲದ ಹಾಡು ಎಲ್ಲ ಆಯಿತು. ಗೆಜ್ಜೆಯೂ ಆಯಿತು. ಸುಂದರಿ ತನಗೆ ಬರುವ ಒಂದೂವರೆ ಭಜನೆಯನ್ನು ಹಾಡಿ ಮುಗಿಸಿದ್ದಳು. ಪಕ್ಕದ ಮನೆಯ ಶ್ರೀಲತಾಳ ಮಗ ಟೀವಿಯ ಸೋಪಿನ ಜಾಹೀರಾತಿಗೂ ಸೊಂಟ ಕುಣಿಸುತ್ತಾನಂತೆ. ದಿನಕ್ಕೆರಡು ಸಲ ಬಂದು ಅದನ್ನು ಹೇಳಿ ಹೋಗುವ ಉಪಕಾರವನ್ನು ಅವಳು ತಪ್ಪಿಸಿರಲಿಲ್ಲ. ಚಂದನಾ ಮಾತ್ರ ಅಕ್ಕಿಮುಡಿಯ ಹಾಗೆ ಕೂತೇ ಇರುತ್ತಿತ್ತು.

"ಅತ್ತೆ, ಇದಕ್ಕೆ ಕೆಮಿ ಕೇಂತಿಲ್ಯಾ ಎಂತದಾ?" ಎಂದಳು ವಿನಯಾ. ಮಗುವಿನ ಕಿವಿಯ ಬಗ್ಗೆ ವಾರದಿಂದ ನುಂಗಿಕೊಂಡಿದ್ದ ಮಾತು ಅದು. ಸುಂದರಿ ಅಪಶಕುನ ನುಡಿಯಬೇಡವೆಂದು ಗದರಿ, ಮರುಗಳಿಗೆಯೇ, ಹಾಗಾದರೆ ನಾಳೆ ಡಾಕ್ಟರಿಗೆ ತೋರಿಸುವ ಎಂದಳು.

ಡಾಕ್ಟರು ಏನೆಂದಾರೋ ಎಂಬ ಯೋಚನೆಯಲ್ಲಿ ವಿನಯಾಳ ಕೈ ತನ್ನಷ್ಟಕ್ಕೇ ಚಮಚ ಆಡಿಸತೊಡಗಿತು. ಟಕ್ಕಟಕ್. ಒಂದುಸಿರು ಬಿಟ್ಟು ಮತ್ತೆ ಟಕ್ಕಟಕ್. ಚಂದನಾ ಬಾಯಿಂದ ಬೆರಳು ತೆಗೆಯಿತು. ಅದರ ಬಲಗಾಲು ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು. ಒಂದು ಪೆಟ್ಟೂ ತಪ್ಪಲಿಲ್ಲ.

ವಿನಯಾಳಿಗೆ ಹೋದ ಜೀವ ಬಂತು. ಬೇಗ ಬೇಗ ಬಡಿದಳು. ಕಾಲೂ ಬೇಗ ಬೇಗ ಆಡಿತು. ಕಣ್ಣೊರೆಸಿಕೊಂಡು, ಶ್ರೀಲತಾಳನ್ನು ಈಗಲೇ ಕರೆದು ತೋರಿಸಬೇಕೆಂದು ಬಾಗಿಲ ಕಡೆ ತಿರುಗಿದಳು.

ಸುಂದರಿ ನಗಲಿಲ್ಲ. ಕುಂದಾಪುರದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಬೀಜ ಸೀಳುವ ಯಂತ್ರದ ಪೆಡಲನ್ನು ಮೂವತ್ತು ವರ್ಷ ಒತ್ತಿ ಬಲಮೊಣಕಾಲು ಸವೆಸಿಕೊಂಡವಳು ಅವಳು. ಅವಳು ಬಿಟ್ಟ ಯಂತ್ರದ ಮುಂದೆಯೇ ಸೊಸೆ ಕೂತಿದ್ದಳು, ಹೆರಿಗೆಯ ಹಿಂದಿನ ವಾರದವರೆಗೂ.

"ನೀ ಬಡ್ದದ್ ಎಂತ ಅಂದೇಳಿ ಗೊತ್ತಿತ್ತಾ?" ಎಂದಳು ಸುಂದರಿ. "ನಮ್ ಮಿಷನ್ ಶಬ್ದ. ಇದ್ ಕುಣಿತ ಅಲ್ಲ ಹೆಣ್ಣೆ. ಹೊಟ್ಟಿಯಗೇ ಕೆಲ್ಸ ಕಲ್ತಿತ್."

ವಿನಯಾ ಅಲ್ಲೇ ನಿಂತಳು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವಾಗಲೆಲ್ಲ, ನನ್ನ ಮಗಳು ಮಾತ್ರ ಆ ಯಂತ್ರದ ಮುಂದೆ ಕೂರುವುದು ಬೇಡ ಎಂದು ದೇವರಿಗೆ ಹೇಳಿಕೊಂಡವಳು ಅವಳು. ಚಮಚ ಕೆಳಗಿಟ್ಟು ಬಂದು ಮಗುವಿನ ಬಲಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಶಬ್ದ ನಿಂತಿತ್ತು. ಅವಳ ಮುಷ್ಟಿಯೊಳಗೆ ಪುಟ್ಟ ಪಾದ ಒತ್ತುತ್ತಲೇ ಇತ್ತು.