ಗೋಡೆದೀಪದ ಕೆಳಗಿನ ಕುರ್ಚಿ

ಬಿಸಿ ದೀಪಗಳ ಮೇಲೆ ಸುಡುವ ಧೂಳು, ಮಖಮಲ್ಲಿನ ಪರದೆಯೊಳಗಿನ ನುಸಿಗುಳಿಗೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳು ಅಪ್ಪನ ತೊಡೆಯ ಮೇಲೆ ಕೂತ ಪುಟ್ಟ ಹುಡುಗಿಯಾಗಿಬಿಡುತ್ತಿದ್ದಳು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಗಾಯಕ, ಇದೇ ಸಭಾಂಗಣದಲ್ಲಿ, ಹಾಡಿನ ನಡುವೆ ಅವಳನ್ನು ನೋಡಿ ನಕ್ಕಿದ್ದ. ಒಂದು ಸಾಲನ್ನು ಪೂರ್ತಿಯಾಗಿ ಅವಳಿಗೇ ಹಾಡಿದ್ದ. ಅಪ್ಪ ತೀರಿಹೋದರು. ಅವಳ ಕೂದಲು ನರೆಯಿತು, ಗಾಯಕನದೂ ನರೆಯಿತು. ನಗರದಲ್ಲಿ ನಡೆದ ಅವನ ಒಂದು ಕಾರ್ಯಕ್ರಮವನ್ನೂ ಅವಳು ತಪ್ಪಿಸಲಿಲ್ಲ. ಆ ನೋಟ ಮಾತ್ರ ಮತ್ತೆ ಸಿಗಲಿಲ್ಲ.

ಇಂದು ಅದನ್ನು ಕಸಿದುಕೊಳ್ಳಲೆಂದೇ ಬಂದಿದ್ದಳು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದವಳು ಅರ್ಧ ದಿನ ರಜೆ ಹಾಕಿ, ಬಾಗಿಲು ತೆರೆಯುವುದನ್ನೇ ಕಾದು, ಓಡಿಬಂದು ಮೊದಲ ಸಾಲಿನ ಎಡತುದಿಯ ಕುರ್ಚಿ ಹಿಡಿದಿದ್ದಳು. ಅದು ಕೆಂಪುತುಟಿಯವಳ ಕುರ್ಚಿ.

"ಜಾಗಕ್ಕೆ ಓಡೋ ವಯಸ್ಸಾ ಅಕ್ಕ ಇದು?" ಪಕ್ಕದ ಕುರ್ಚಿಗೆ ಕುಸಿದ ತಂಗಿ ಏದುಸಿರು ಬಿಡುತ್ತಾ ಕೇಳಿದಳು. "ಬೆಳಗ್ಗಿಂದ ನೀನು ಹೊಟ್ಟೆಗೆ ಏನೂ ಹಾಕಿಲ್ಲ ಬೇರೆ."

"ಹೊಟ್ಟೇಲಿ ಜಾಗ ಇಲ್ಲ."

ಜಾಗವಿರಲಿಲ್ಲ, ನಿಜ. ಅಲ್ಲಿ ಎರಡು ವರ್ಷದಿಂದ ಕಿಚ್ಚು ಉರಿಯುತ್ತಿತ್ತು. ಕೆಂಪುತುಟಿ ಎಂಬ ಹೆಸರಿಟ್ಟವಳೂ ಅವಳೇ. ಆಕೆಯ ಉಡುಗೆ ನೋಡಿದರೆ ಸಾದಾ, ಮೈಮೇಲೆ ಒಂದು ಒಡವೆಯಿಲ್ಲ; ತುಟಿಗೆ ಮಾತ್ರ ಬಾಲ್ಕನಿಯವರೆಗೂ ಕಾಣುವ ಬಣ್ಣ. ದಿನವಿಡೀ ಜನರ ಬಾಯಿ ನೋಡುವವಳ ಕಣ್ಣಿಗೆ ಅದು ತಪ್ಪುವುದುಂಟೇ? ಮಧ್ಯಂತರದಲ್ಲಿ ಆಕೆ ಡಬ್ಬಿಯ ಊಟ ಮುಗಿಸಿ, ಪುಟ್ಟ ಕನ್ನಡಿ ಹಿಡಿದು ಮತ್ತೆ ಬಣ್ಣ ತೀಡುತ್ತಿದ್ದಳು. ಕೂರುವುದು ಗೋಡೆದೀಪದ ಕೆಳಗೇ. ಸಭಾಂಗಣವೆಲ್ಲ ಕತ್ತಲಾದರೂ ಆ ಒಂದು ಮುಖ ಮಾತ್ರ ಬೆಳಕಿನಲ್ಲಿ.

ಗಾಯಕನೂ ಆಕೆಗೆ ತಕ್ಕವನೇ. ಅಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದರೂ ಪ್ರತಿ ಚರಣಕ್ಕೆ ಮುಂಚೆ ಅವನ ಕಣ್ಣು ಹೊರಳುತ್ತಿದ್ದುದು ಎಡತುದಿಗೆ. ಕಾರ್ಯಕ್ರಮ ಮುಗಿದ ಮೇಲೆ ಹಿಂಬಾಗಿಲಿನಿಂದ ಹೊರಡುವಾಗ ಅವನ ಮೊಣಕೈ ಆಕೆಯ ಕೈಯಲ್ಲಿ.

"ಬಂದ್ಲು," ತಂಗಿ ಪಿಸುಗುಟ್ಟಿದಳು.

ಕೆಂಪುತುಟಿಯವಳು ಕೈಯಲ್ಲಿ ಡಬ್ಬಿ ಹಿಡಿದು ಮುಂದೆಯೇ ನಿಂತಿದ್ದಳು. ಹತ್ತಿರದಿಂದ ನೋಡಿದರೆ ವಯಸ್ಸಾದವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಯಾವಾಗ್ಲೂ ನಾನು ಇಲ್ಲಿ ಕೂರ್ತೀನಿ."

"ನಂಬರ್ ಇಲ್ವಲ್ಲ. ಮೊದಲು ಬಂದೋರ್ದು."

"ನಿಮಗೆ ಅರ್ಥ ಆಗ್ತಿಲ್ಲ. ನಾನು ಇಲ್ಲೇ ಕೂರಬೇಕು."

"ಎಲ್ಲಾ ಅರ್ಥ ಆಗಿದೆ. ಎರಡು ವರ್ಷದಿಂದ ನೋಡ್ತಿದೀನಿ."

ಕೊನೆಯ ಗಂಟೆ ಹೊಡೆಯಿತು. ಆಕೆ ಸುತ್ತ ನೋಡಿದಳು. ಎಲ್ಲ ಕುರ್ಚಿಗಳೂ ತುಂಬಿದ್ದವು. ಮುಖ ಬಿಳಿಚಿಕೊಂಡಿತು. ಬಗ್ಗಿ ಕೇಳಿದಳು:

"ಅವನ ಹಾಡೆಲ್ಲ ಬರುತ್ತಾ ನಿಮಗೆ?"

ಎಂಥ ಕೊಬ್ಬು! ಕ್ಲಿನಿಕ್ಕಿನಲ್ಲಿ ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ದಿನವಿಡೀ ಅದರ ಹಿಂದೆ ಸದ್ದಿಲ್ಲದೆ ಹಾಡಿಕೊಳ್ಳುವವಳನ್ನು ಕೇಳುವ ಮಾತೇ ಇದು?

"ಒಂದೊಂದು ಅಕ್ಷರವೂ ಬರುತ್ತೆ. ನಿಮಗಿಂತ ಚೆನ್ನಾಗೇ ಬರುತ್ತೆ."

"ಹಾಗಾದ್ರೆ ನೀವೇ ಕೂತ್ಕೊಳ್ಳಿ," ಎಂದಳು ಆಕೆ. "ತಲೆ ಮಾತ್ರ ತಗ್ಗಿಸಬೇಡಿ." ಗೋಡೆಗೆ ಒರಗಿ, ಕತ್ತಲಲ್ಲಿ ನಿಂತುಕೊಂಡಳು.

"ಕೇಳಿದ್ಯಾ? ನಾಚಿಕೆಯಾದ್ರೂ ತಲೆ ಎತ್ತಿ ಕೂರಬೇಕಂತೆ ನಾನು," ಎಂದು ಅವಳು ಹಲ್ಲು ಕಡಿಯುತ್ತಾ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ಪರದೆ ಸರಿಯಿತು. ಪಿಟೀಲು ಮೊದಲ ಎಳೆ ಎಳೆಯಿತು. ಗಾಯಕ ಎಡಕ್ಕೆ ತಿರುಗಿದ. ತಿರುಗಿದವನು ತಡವರಿಸಿದ. ಮೈಕಿನ ಮೇಲಿದ್ದ ಬೆರಳುಗಳು ಬಿಗಿಯಾದವು. ಅವಳ ತುಟಿಗಳು ಅಭ್ಯಾಸಬಲದಿಂದ ಪಲ್ಲವಿಯನ್ನು ಹೇಳಿಕೊಂಡವು. ಗಾಯಕನ ಮುಖ ಅರಳಿತು. ಅವನು ಹಾಡತೊಡಗಿದ.

ಅವಳನ್ನೇ ನೋಡುತ್ತಾ ಹಾಡಿದ.

ಪ್ರತಿ ಚರಣಕ್ಕೂ ಆ ಕಣ್ಣುಗಳು ಅವಳನ್ನೇ ಹುಡುಕಿಕೊಂಡು ಬಂದವು. ಅವಳ ತುಟಿಯೂ ಬಿಡುವಿಲ್ಲದೆ ಆಡಿತು.

"ಮತ್ತೆ ಶುರುವಾಯ್ತಾ ಮೀನಿನ ಬಾಯಿ," ತಂಗಿ ಮೊಣಕೈಯಿಂದ ತಿವಿದಳು. ಅವಳಿಗೆ ಅದು ಕೇಳಿಸಲೂ ಇಲ್ಲ.

ಅಪ್ಪನ ತೊಡೆಯ ಮೇಲೆ ಕೂತು ಕೇಳಿದ್ದ ಆ ಹಾಡು ಬಂದಾಗ ಮಾತ್ರ ಕಣ್ಣು ತುಂಬಿತು. ಅವಳು ತಲೆ ತಗ್ಗಿಸಿ ಸೆರಗಿನಿಂದ ಒರೆಸಿಕೊಂಡಳು. ಹಾಡು ಮುಂದಕ್ಕೆ ಹೋಗಲಿಲ್ಲ. ಪಿಟೀಲಿನವನು ಅದೇ ಎಳೆಯನ್ನು ಮತ್ತೆ ನುಡಿಸಿದ, ಇನ್ನೊಮ್ಮೆ ನುಡಿಸಿದ. ಅವಳು ತಲೆಯೆತ್ತಿದಾಗ ಗಾಯಕ ಅವಳನ್ನೇ ಕಾಯುತ್ತಿದ್ದ. ನನ್ನ ಕಣ್ಣೀರಿಗಾಗಿ ಹಾಡು ನಿಲ್ಲಿಸಿದ, ಎಂದುಕೊಂಡಳು. ಆ ಸಾಲು ಅವಳ ತುಟಿಗೆ ಬಂತು. ಅವನ ಕೊರಳಿಗೂ ಬಂತು.

ಗೋಡೆಯ ಕಡೆ ಓರೆಗಣ್ಣು ಹಾಯಿಸಿದಳು. ಕೆಂಪುತುಟಿಯವಳು ಎರಡೂ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಉರಿದುಕೊಳ್ಳಲಿ, ಎಂದುಕೊಂಡಳು. ಎರಡು ವರ್ಷ ನಾನು ಉರಿದಿಲ್ಲವೇ.

ಮಧ್ಯಂತರಕ್ಕೆ ದೀಪಗಳು ಹತ್ತಿದವು. ಕೆಂಪುತುಟಿಯವಳು ನೇರವಾಗಿ ಅವಳತ್ತಲೇ ಬಂದಳು. ತಂಗಿ ಮೆಲ್ಲಗೆ, "ಈಗಿದೆ ನಿನಗೆ," ಎಂದಳು. ಅವಳೂ ಸೊಂಟ ಕಟ್ಟಿ ಕೂತಳು. ಎರಡು ವರ್ಷದ ಮಾತು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿತ್ತು.

ಆಕೆ ಜಗಳವಾಡಲಿಲ್ಲ. ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಅವಳ ಮಡಿಲಲ್ಲಿಟ್ಟಳು. ಚಮಚವನ್ನು ಒರೆಸಿ ಕೈಗೆ ಕೊಟ್ಟಳು. ಪಕ್ಕದಲ್ಲಿ ಆ ತುಟಿಬಣ್ಣದ ಕಡ್ಡಿಯನ್ನೂ ಇಟ್ಟಳು.

"ಊಟ ಮಾಡಿ, ಆಮೇಲೆ ಇದನ್ನ ದಪ್ಪಗೆ ಹಚ್ಕೊಳ್ಳಿ," ಎಂದಳು ಯಾರಿಗೂ ಕೇಳದಷ್ಟು ಮೆಲ್ಲಗೆ. "ಕಾಯಿಲೆ ಬಿದ್ದಾಗಿಂದ ನಮ್ಮಣ್ಣನಿಗೆ ರಾಗ ಉಳಿದಿದೆ, ಪದ ಒಂದೂ ಉಳಿದಿಲ್ಲ, ನಿಮ್ಮ ತುಟಿ ನೋಡ್ಕೊಂಡೇ ಅಷ್ಟೂ ಹಾಡಿದ."