ಒಂದು ಹುಣಸೆಬೀಜ

ಹುರಿದ ಹುಣಸೆಬೀಜದ ವಾಸನೆ ಬಂದರೆ ಶಾಂಭವಿಗೆ ಅಜ್ಜಿಯ ಒಲೆ ನೆನಪಾಗುತ್ತಿತ್ತು. ಈಗೀಗ ಆ ಬೀಜ ಕಂಡರೇ ಮುಖ ತಿರುಗಿಸುತ್ತಿದ್ದಳು.

ಹನ್ನೆರಡು ಮನೆಯವರು ಕೂಡಿ ಮಣ್ಣು ತುಳಿದು ಕಟ್ಟಿಕೊಂಡ ಸಹಕಾರಿ ಊರು ಅದು. ಬಿಟ್ಟುಹೋಗುವವರಿಗೆ ಎಲ್ಲರ ಒಪ್ಪಿಗೆ ಬೇಕು. ಒಪ್ಪಿದವರು ಗಡಿಗೆಗೆ ಅವರೆಕಾಳು ಹಾಕುತ್ತಾರೆ, ಒಪ್ಪದವರು ಹುಣಸೆಬೀಜ. ಯಾರು ಏನು ಹಾಕಿದರೆಂದು ಕೇಳುವಂತಿಲ್ಲ. ಊರಿಗೆ ಬೇಲಿಯೇ ಇರಲಿಲ್ಲ, ಎದ್ದು ನಡೆದರೆ ತಡೆಯುವವರೂ ಇರಲಿಲ್ಲ. ಆದರೆ ಆ ನಿಯಮ ಬರೆದವಳು ಶಾಂಭವಿಯೇ; ತಾನೇ ಮುರಿಯುವುದು ಹೇಗೆ?

ಪಟ್ಟಣದ ಶಾಲೆ ಅವಳನ್ನು ಪಾಠ ಹೇಳುವ ಕೆಲಸಕ್ಕೆ ಕರೆದು ಮೂರು ತಿಂಗಳಾಗಿತ್ತು. ಮೂರು ಸಭೆಯಲ್ಲೂ ಗಡಿಗೆಯೊಳಗೆ ಒಂದೇ ಒಂದು ಹುಣಸೆಬೀಜ. ನಾಳೆ ಹೋಗದಿದ್ದರೆ ಕೆಲಸ ಬೇರೆಯವರ ಪಾಲು.

"ಯಾವ ಕೈಯೋ ಏನೋ, ಹುಳ ಬೀಳಲಿ ಅದಕ್ಕ!" ಎಂದು ಪ್ರತಿ ಸಲವೂ ಶಪಿಸುತ್ತಿದ್ದವಳು ಎಲ್ಲರಿಗೂ ಅಡುಗೆ ಮಾಡುವ ನೀಲವ್ವ. ಅರವತ್ತು ದಾಟಿದ ಮೇಲೆ ಶಾಂಭವಿಯಿಂದ ಅಕ್ಷರ ಕಲಿಯುತ್ತಿದ್ದಳು. "ಅಳಬ್ಯಾಡ್ರಿ ಅಕ್ಕೋರ. ನಾ ಇನ್ನೂ ಒತ್ತಕ್ಷರಕ್ಕ ಬಂದಿಲ್ಲ, ಸ್ಲೇಟ್ ತರಲೇನು?"

ಇಂದು ಗಡಿಗೆ ಬೋರಲು ಹಾಕಿದಾಗ ಬಿದ್ದದ್ದು ಬರೀ ಅವರೆಕಾಳು.

ಶಾಂಭವಿ ಚೀಲ ಹೆಗಲಿಗೇರಿಸುವಷ್ಟರಲ್ಲಿ ನೀಲವ್ವ ರೊಟ್ಟಿಬುತ್ತಿಯೊಂದಿಗೆ ಬಂದಳು.

"ಇಷ್ಟು ಬೇಗ ಯಾವಾಗ ಕಟ್ಟಿದ್ರಿ ನೀಲವ್ವಾ?"

"ಮುಂಜಾನೆ. ಸಭೆಗಿಂತ ಮೊದಲ."

ನೀಲವ್ವ ಮುಚ್ಚಿದ್ದ ಎಡಗೈ ಬಿಚ್ಚಿ, ಬೆವರಿಗೆ ಒದ್ದೆಯಾಗಿದ್ದ ಒಂದು ಹುಣಸೆಬೀಜವನ್ನು ಬುತ್ತಿಯ ಮೇಲಿಟ್ಟು ಅವಳ ಕೈಗೆ ಕೊಟ್ಟಳು.